ಒದ್ದೆ ಬೆರಳಿಗೆ ಫೋನ್ ಏಕೆ ಮಣಿಯದು?

ಪ್ರಶ್ನೆ: ಪಾತ್ರೆ ತೊಳೆಯುವಾಗ ಕರೆ ಬಂದರೆ ಒದ್ದೆ ಬೆರಳಿಗೆ ಟಚ್‌ಸ್ಕ್ರೀನ್ ಸರಿಯಾಗಿ ಸ್ಪಂದಿಸುವುದಿಲ್ಲ. ಉಗುರಿನಿಂದ ಒತ್ತಿದರೂ ಅಷ್ಟೇ. ಯಾಕೆ?

ಉತ್ತರ: ಈಗಿನ ಪರದೆ ಗಮನಿಸುವುದು ಒತ್ತಡವನ್ನಲ್ಲ, ವಿದ್ಯುತ್ ಕ್ಷೇತ್ರವನ್ನು. ಗಾಜಿನಡಿ ಕಣ್ಣಿಗೆ ಕಾಣದ ವಾಹಕ ಗೆರೆಗಳ ಜಾಲವಿದೆ. ಬೆರಳು ತಾಗಿದಲ್ಲಿ ಆ ಕ್ಷೇತ್ರ ಕೊಂಚ ಬದಲಾಗುತ್ತದೆ. ಫೋನ್ ಗುರುತಿಸುವುದು ಅದನ್ನೇ. ಉಗುರಿನಲ್ಲಿ ವಿದ್ಯುತ್ ಸರಾಗವಾಗಿ ಹರಿಯದು, ಹಾಗಾಗಿ ಅದು ಲೆಕ್ಕಕ್ಕಿಲ್ಲ. ನಲ್ಲಿ ನೀರು ಹಾಗಲ್ಲ, ವಾಹಕ. ಹರಡಿದ ಹನಿಗಳೂ ಕ್ಷೇತ್ರವನ್ನು ಕದಡುತ್ತವೆ. ಬೆರಳು ಯಾವುದು, ಹನಿ ಯಾವುದು ಎಂದು ತಿಳಿಯದೆ ಫೋನ್ ತಬ್ಬಿಬ್ಬಾಗುತ್ತದೆ.

2008ರ ನೋಕಿಯಾ 5800ರಲ್ಲಿ ಒತ್ತಡಕ್ಕೆ ಮಣಿಯುವ ಪರದೆಯಿತ್ತು, ಉಗುರೂ ನಡೆಯುತ್ತಿತ್ತು. ಆದರೆ ಎರಡು ಬೆರಳಿಟ್ಟು ಚಿತ್ರ ಹಿಗ್ಗಿಸಲು ಆಗುತ್ತಿರಲಿಲ್ಲ. 2007ರ ಐಫೋನ್ ತೋರಿಸಿದ ಆ ಸೌಕರ್ಯಕ್ಕೇ ಜನ ಒಲಿದರು, ನನ್ನ ಮಟ್ಟಿಗೆ ಅದು ಸರಿಯಾದ ಆಯ್ಕೆ. ಅಡುಗೆಮನೆಯಲ್ಲಿ ಬಳಸುವವರು ಹೊಸ ಫೋನ್ ಕೊಳ್ಳುವಾಗ ಬದಿಯ ಗುಂಡಿಗಳನ್ನೂ ಒತ್ತಿ ನೋಡಿ. ರಿಂಗ್ ನಿಲ್ಲಿಸಲು ಅವಕ್ಕೆ ಒಣ ಬೆರಳು ಬೇಕಿಲ್ಲ.