ವೀರಪ್ಪನ್ ಸತ್ತ ಮರುದಿನ

2004ರ ಅಕ್ಟೋಬರ್ 19ರಂದು ತಮಿಳುನಾಡಿನ ಧರ್ಮಪುರಿಯ ಸರ್ಕಾರಿ ಆಸ್ಪತ್ರೆಯ ಮುಂದೆ ಜನಸಾಗರವೇ ನೆರೆದಿತ್ತು. ಹೆಣ ನೋಡಲು ಜನ ಇಷ್ಟು ಹುಮ್ಮಸ್ಸಿನಿಂದ ಬರುವುದು ಅಪರೂಪ. ಹಿಂದಿನ ರಾತ್ರಿ ಹನ್ನೊಂದರ ಸುಮಾರಿಗೆ ಪಾಪಾರಪಟ್ಟಿ ಬಳಿಯ ಪಾಡಿ ಎಂಬಲ್ಲಿ, ಆಂಬುಲೆನ್ಸ್ ಒಂದರಲ್ಲಿ ಬರುತ್ತಿದ್ದ ವೀರಪ್ಪನ್ ಮತ್ತು ಅವನ ಮೂವರು ಸಹಚರರು ತಮಿಳುನಾಡು ವಿಶೇಷ ಕಾರ್ಯಪಡೆಯ ಗುಂಡಿಗೆ ಬಲಿಯಾಗಿದ್ದರು. ಸೇತುಕುಳಿ ಗೋವಿಂದನ್, ಚಂದ್ರೇಗೌಡ, ಸೇತುಮಣಿ ಆ ಮೂವರು. ಮುಖ ಕಂಡವರಲ್ಲಿ ಬಹಳ ಮಂದಿಗೆ ಮೊದಲು ಮೂಡಿದ್ದು ಒಂದೇ ಪ್ರಶ್ನೆ. ಇವನೇನಾ?

ಆ ಪ್ರಶ್ನೆಗೆ ಕಾರಣವಿತ್ತು. ಹೆಣದ ಮುಖದಲ್ಲಿ ಆ ಮೀಸೆ ಇರಲಿಲ್ಲ. 1990ರ ದಶಕದಲ್ಲಿ ಚೆನ್ನೈನ 'ನಕ್ಕೀರನ್' ಪತ್ರಿಕೆಯ ಸಂಪಾದಕ ಗೋಪಾಲ್ ತಂದ ಛಾಯಾಚಿತ್ರಗಳು, ಆಮೇಲೆ ಟಿ.ವಿ.ಯಲ್ಲಿ ಬಂದ ವಿಡಿಯೊಗಳು ಎರಡು ರಾಜ್ಯಗಳ ಮನೆಮನೆಗೂ ಒಂದು ಮುಖವನ್ನು ಪರಿಚಯಿಸಿದ್ದವು. ಕೆನ್ನೆಯ ಎರಡು ಬದಿಗೂ ಹರಡಿದ ಪೊದೆಮೀಸೆ, ಹಸಿರು ಸಮವಸ್ತ್ರ, ಹೆಗಲ ಮೇಲೆ ಬಂದೂಕು. ಮಕ್ಕಳು ಕೂಡ ಇದ್ದಿಲಿನಿಂದ ಮುಖದ ಮೇಲೆ ಬರೆದುಕೊಳ್ಳುತ್ತಿದ್ದ ಮೀಸೆ ಅದು. ಕಣ್ಣಿನ ಚಿಕಿತ್ಸೆಗೆಂದು ನಾಡಿಗೆ ಇಳಿದವನು ಗುರುತು ಸಿಗಬಾರದೆಂದು ಮೀಸೆಯನ್ನು ಕತ್ತರಿಸಿಕೊಂಡಿದ್ದ. ಮೀಸೆ ಹೋದೊಡನೆ ಉಳಿದದ್ದು ಐವತ್ತೆರಡು ವರ್ಷದ, ಬಡಕಲು ದೇಹದ, ಕಣ್ಣು ಮಂಜಾದ ಒಬ್ಬ ಮನುಷ್ಯ. ಇಂಥವನಿಗಾಗಿಯೇ ಎರಡು ರಾಜ್ಯಗಳ ಪಡೆಗಳು ಒಂದು ದಶಕಕ್ಕೂ ಹೆಚ್ಚು ಕಾಲ ಕಾಡು ಸುತ್ತಿದವೇ ಎಂದು ಜನ ಬೆರಗಾದದ್ದು ಸಹಜವೇ.

ಸುದ್ದಿ ಹರಡುತ್ತಿದ್ದಂತೆ ಪಟಾಕಿ ಸಿಡಿದವು, ಸಿಹಿ ಹಂಚಲಾಯಿತು. ನವರಾತ್ರಿಯ ದಿನಗಳು ಬೇರೆ. ದುಷ್ಟಸಂಹಾರದ ಕಥೆ ಕೇಳುತ್ತ ಕುಳಿತ ನಾಡಿಗೆ ಹೋಲಿಕೆ ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ಅವನ ಹುಟ್ಟೂರಾದ ಗೋಪಿನಾಥಂನಲ್ಲಿಯೂ ಪಟಾಕಿ ಹಚ್ಚಿದರೆಂದು ಪತ್ರಿಕೆಗಳು ವರದಿ ಮಾಡಿದವು. ಕಾರ್ಯಾಚರಣೆಯ ಮುಖ್ಯಸ್ಥ ಕೆ. ವಿಜಯಕುಮಾರ್ ಸತ್ಯಮಂಗಲದ ಬಳಿಯ ಬಣ್ಣಾರಿ ಅಮ್ಮನ ಸನ್ನಿಧಿಯಲ್ಲಿ ಹರಕೆ ಹೊತ್ತಿದ್ದರು. ಕೆಲಸ ಮುಗಿದ ಮೇಲೆ ಹೋಗಿ ಮುಡಿ ಕೊಟ್ಟು ಬಂದರು. ತಮಿಳುನಾಡಿನ ಮುಖ್ಯಮಂತ್ರಿ ಜಯಲಲಿತಾ ಕಾರ್ಯಪಡೆಯ ಎಲ್ಲರಿಗೂ ತಲಾ 3 ಲಕ್ಷ ರೂಪಾಯಿ, ಬಡ್ತಿ ಮತ್ತು ನಿವೇಶನ ಘೋಷಿಸಿದರು. ಕರ್ನಾಟಕವೂ ತನ್ನ ಪಡೆಗೆ ಬಹುಮಾನ ಪ್ರಕಟಿಸಿತು. ಬಹುಮಾನ ಯಾರಿಗೆ ಎಷ್ಟು ಸಲ್ಲಬೇಕೆಂಬ ಚರ್ಚೆಯೂ ಬೆನ್ನಲ್ಲೇ ಬಂತು. ಇಂಥ ಚರ್ಚೆಗೆ ಕಾಲಾವಕಾಶ ಬೇಕಾಗುವುದಿಲ್ಲ.

ಕನ್ನಡನಾಡಿನ ಈ ನಿಟ್ಟುಸಿರು ಅರ್ಥವಾಗಬೇಕಾದರೆ ನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು. 2000ದ ಜುಲೈ 30ರ ರಾತ್ರಿ ತಾಳವಾಡಿ ಸಮೀಪದ ಗಾಜನೂರಿನ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ. ಮರುದಿನ ಬೆಂಗಳೂರು ಸ್ತಬ್ಧವಾಯಿತು. ಬಸ್ಸುಗಳಿಗೆ ಕಲ್ಲು ಬಿತ್ತು, ಶಾಲೆ ಕಾಲೇಜುಗಳು ಮುಚ್ಚಿದವು. ನವೆಂಬರ್ 15ರಂದು ಬಿಡುಗಡೆಯಾಗುವವರೆಗೆ, ಒಟ್ಟು 108 ದಿನ, ಒಂದು ಸರ್ಕಾರವು ಕಾಡಿನಿಂದ ಬರುವ ಕ್ಯಾಸೆಟ್ಟಿಗೆ ಕಾದು ಕುಳಿತಿತ್ತು. ಬೇಡಿಕೆಗಳ ಪಟ್ಟಿಯಲ್ಲಿ ಕಾವೇರಿ ನೀರು, ತಮಿಳು ಭಾಷೆಯ ಸ್ಥಾನಮಾನ, ಜೈಲಿನಲ್ಲಿದ್ದವರ ಬಿಡುಗಡೆ ಎಲ್ಲವೂ ಇದ್ದವು. ಆನೆದಂತದ ಕಳ್ಳನೊಬ್ಬ ಎರಡು ರಾಜ್ಯಗಳ ಮುಖ್ಯಮಂತ್ರಿಗಳೊಡನೆ ರಾಯಭಾರಿಗಳ ಮೂಲಕ ಮಾತಾಡುವ ಸ್ಥಿತಿ ಬಂದದ್ದು ಜನರ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. 2002ರ ಆಗಸ್ಟ್ 25ರಂದು ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಕಾಮಗೆರೆಯ ಮನೆಯಿಂದ ಒಯ್ದಾಗ ಆ ಮುಳ್ಳು ಮತ್ತೂ ಆಳಕ್ಕೆ ಇಳಿಯಿತು. ಡಿಸೆಂಬರ್‌ನಲ್ಲಿ ಸಿಕ್ಕಿದ್ದು ನಾಗಪ್ಪ ಅವರ ಶವ. ಹಾಗಾಗಿ 2004ರ ಪಟಾಕಿಯಲ್ಲಿ ಸಂತೋಷಕ್ಕಿಂತ ಅವಮಾನ ತೀರಿದ ಸಮಾಧಾನವೇ ಹೆಚ್ಚಾಗಿತ್ತು ಎನ್ನಬೇಕು.

ಪಟಾಕಿ ಹಚ್ಚದೆಯೂ ಆ ದಿನಕ್ಕಾಗಿ ಕಾದವರಿದ್ದರು. 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ವೀರಪ್ಪನ್ ಹೊಂಚು ಹಾಕಿ ನಡೆಸಿದ ದಾಳಿಯಲ್ಲಿ ಮೈಸೂರು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಟಿ. ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಮತ್ತು ಅವರ ಸಂಗಡಿಗರು ಸತ್ತರು. ಎಂಟು ವರ್ಷದ ಬಳಿಕ, ರಾಜ್‌ಕುಮಾರ್ ಬಿಡುಗಡೆಗಾಗಿ ಮೈಸೂರು ಜೈಲಿನಲ್ಲಿದ್ದ 51 ಮಂದಿ ಟಾಡಾ ಬಂದಿಗಳ ಮೇಲಿನ ಮೊಕದ್ದಮೆ ಕೈಬಿಡಲು ಸರ್ಕಾರ ಮುಂದಾದಾಗ, ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ್ದು ಶಕೀಲ್ ಅವರ ತಂದೆ ಅಬ್ದುಲ್ ಕರೀಂ. ಇಡೀ ನಾಡು ವರನಟನ ಬಿಡುಗಡೆಗೆ ಹರಕೆ ಹೊತ್ತಿದ್ದಾಗ, ಹಾಗೆ ಬಿಡಿಸಬೇಡಿ ಎಂದು ನ್ಯಾಯಾಲಯದಲ್ಲಿ ನಿಲ್ಲಲು ಎಂಥ ಎದೆ ಬೇಕು ಎಂಬುದನ್ನು ಓದುಗರೇ ಊಹಿಸಬಹುದು. 2000ದ ನವೆಂಬರ್ 7ರಂದು ನ್ಯಾಯಾಲಯ ಅವರ ಮಾತನ್ನು ಎತ್ತಿಹಿಡಿಯಿತು. ಎಂಟು ದಿನಗಳ ನಂತರ ರಾಜ್‌ಕುಮಾರ್ ಹೇಗಿದ್ದರೂ ಮನೆಗೆ ಬಂದರು.

ಊರೂರಿಗೆ ಪ್ರತಿಕ್ರಿಯೆ ಬೇರೆಯಾದದ್ದೇಕೆಂದು ತಿಳಿಯಲು ಆ ಸೀಮೆಯ ಇತಿಹಾಸವನ್ನೂ ಸ್ವಲ್ಪ ನೋಡಬೇಕು. ಗೋಪಿನಾಥಂ ಕರ್ನಾಟಕದ ಊರು, ಆದರೆ ಮನೆಮಾತು ತಮಿಳು. ಅದು ಸೇರಿದ್ದ ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ನಕ್ಷೆಯಲ್ಲಿ ಗೆರೆ ಎಳೆದರೂ ಕಾಡಿಗೆ ಅದು ಕಾಣಲಿಲ್ಲ. ಮಲೆ ಮಹದೇಶ್ವರ ಬೆಟ್ಟದಿಂದ ಸತ್ಯಮಂಗಲದವರೆಗೆ ಹಬ್ಬಿದ ಸುಮಾರು 6 ಸಾವಿರ ಚದರ ಕಿಲೋಮೀಟರಿನ ಆ ಅರಣ್ಯದಲ್ಲಿ ಒಂದು ರಾಜ್ಯದ ಪೊಲೀಸರು ಬಂದರೆ ಇನ್ನೊಂದು ರಾಜ್ಯಕ್ಕೆ ದಾಟುವುದು ವೀರಪ್ಪನ್‌ಗೆ ಹಿತ್ತಲ ಬೇಲಿ ದಾಟಿದಷ್ಟೇ ಸಲೀಸಾಗಿತ್ತು. ಶ್ರೀಗಂಧ ಕಡಿಯಲು, ದಂತ ಹೊರಲು, ದಿನಸಿ ತರಲು ಅವನಿಗೆ ಹಳ್ಳಿಗರು ಬೇಕಿತ್ತು. ಕೂಲಿ ಕೊಡುತ್ತಿದ್ದ. ಸುಳಿವು ಕೊಟ್ಟವರೆಂದು ಅನುಮಾನ ಬಂದರೆ ಕೊಲ್ಲುತ್ತಿದ್ದ.

ಅವನನ್ನು ಹಿಡಿಯಲು ಬಂದವರಿಗೂ ಬೇಕಾದದ್ದು ಅದೇ ಹಳ್ಳಿಗರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿದು ಪೊಲೀಸರು, ಅರಣ್ಯ ಸಿಬ್ಬಂದಿ, ಮಾಹಿತಿದಾರರು ಸೇರಿ 22 ಮಂದಿ ಸತ್ತ ಮೇಲೆ ಕಾರ್ಯಾಚರಣೆಯ ರೀತಿಯೇ ಬದಲಾಯಿತು. ಅನುಮಾನ ಬಂದವರನ್ನೆಲ್ಲ ಎಳೆದೊಯ್ದರು. ನೂರಾರು ಜನರ ಮೇಲೆ ಟಾಡಾ ಬಿತ್ತು. ಮಹದೇಶ್ವರ ಬೆಟ್ಟದ ವಿಚಾರಣಾ ಶಿಬಿರವೊಂದಕ್ಕೆ 'ವರ್ಕ್‌ಶಾಪ್' ಎಂದು ಹೆಸರು ಬಿತ್ತು. ಅಲ್ಲಿ ರಿಪೇರಿಯಾಗುತ್ತಿದ್ದುದು ಜೀಪುಗಳಲ್ಲ, ಮನುಷ್ಯರು. ವಿದ್ಯುತ್ ಶಾಕ್, ಅಕ್ರಮ ಬಂಧನ, ಹೆಂಗಸರ ಮೇಲಿನ ಅತ್ಯಾಚಾರ ಇಂಥ ದೂರುಗಳ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕು ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿ.ಬಿ.ಐ. ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿ ನೇಮಿಸಿತು. 2007ರ ಜನವರಿಯಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಆಯೋಗ ಹೇಳಿತು. ಅಷ್ಟರಲ್ಲಿ ವೀರಪ್ಪನ್ ಸತ್ತು ಎರಡು ವರ್ಷ ಕಳೆದಿತ್ತು. ಅದಕ್ಕೂ ಮುನ್ನ, 2001ರಲ್ಲಿ, ಮೈಸೂರಿನ ವಿಶೇಷ ನ್ಯಾಯಾಲಯ ನೂರಕ್ಕೂ ಹೆಚ್ಚು ಟಾಡಾ ಆರೋಪಿಗಳನ್ನು ನಿರ್ದೋಷಿಗಳೆಂದು ಬಿಟ್ಟಿತ್ತು. ಎಂಟು ವರ್ಷ ಜೈಲಿನಲ್ಲಿ ಕಳೆದು ಹೊರಬಂದವನಿಗೆ ಹೊಲ ಬೀಳಾಗಿತ್ತು, ಮಕ್ಕಳಿಗೆ ಅಪ್ಪನ ಗುರುತು ಮರೆತಿತ್ತು. ಇಂಥವರ ಊರಿನಲ್ಲಿ ಅಕ್ಟೋಬರ್ 19ರಂದು ಪಟಾಕಿಗೆ ಬದಲು ಮೌನವಿದ್ದರೆ ಅದನ್ನು ಕಾಡುಗಳ್ಳನ ಮೇಲಿನ ಪ್ರೀತಿ ಎಂದು ಓದುವುದು ಅವಸರದ ಮಾತಾದೀತು. ಹೆದರಿಸುತ್ತಿದ್ದ ಇಬ್ಬರಲ್ಲಿ ಒಬ್ಬ ಸತ್ತಿದ್ದ, ಅಷ್ಟೆ.

ಪ್ರೀತಿ ಇರಲೇ ಇಲ್ಲ ಎಂದೂ ಹೇಳುವಂತಿಲ್ಲ. ಅಕ್ಟೋಬರ್ 20ರಂದು ಮೆಟ್ಟೂರು ಬಳಿಯ ಮೂಲಕ್ಕಾಡಿನಲ್ಲಿ ಅವನನ್ನು ಹೂಳಿದಾಗ ಬಿಗಿ ಪೊಲೀಸ್ ಕಾವಲಿನ ನಡುವೆಯೂ ಸಾವಿರಾರು ಜನ ಸೇರಿದ್ದರು. ಶವವನ್ನು ಸುಡಬೇಕೆಂದಿದ್ದ ಪೊಲೀಸರು ಬಂಧುಗಳ ವಿರೋಧದಿಂದ ಹೂಳಲು ಒಪ್ಪಿದರು. ಬಂದವರಲ್ಲಿ ಕುತೂಹಲಿಗಳೆಷ್ಟು, ದುಃಖಿಗಳೆಷ್ಟು ಎಂದು ಲೆಕ್ಕ ಹಾಕುವುದು ಕಷ್ಟ. ಸ್ವಜಾತಿಯ ಅಭಿಮಾನ, ಕೊನೆಯ ವರ್ಷಗಳಲ್ಲಿ ಅವನು ತೊಟ್ಟ ತಮಿಳು ರಾಷ್ಟ್ರೀಯತೆಯ ವೇಷ, ಪೊಲೀಸರ ಮೇಲಿನ ಸಿಟ್ಟು ಇವೆಲ್ಲ ಕಲೆತ ಭಾವನೆ ಅದು. ಚಂಬಲ್ ಕಣಿವೆಯಲ್ಲಿ 1955ರಲ್ಲಿ ಹತನಾದ ಡಕಾಯಿತ ಮಾನಸಿಂಗನಿಗೆ ಅವನ ಊರಿನಲ್ಲಿ ಗುಡಿಯೇ ಇದೆ. ವೀರಪ್ಪನ್ ವಿಷಯದಲ್ಲಿ ಭಕ್ತಿ ಅಷ್ಟು ದೂರ ಹೋಗಲಿಲ್ಲ. ಅವನ ಪತ್ನಿ ಮುತ್ತುಲಕ್ಷ್ಮಿ 2006ರಲ್ಲಿ ಪೆನ್ನಾಗರಂ ವಿಧಾನಸಭಾ ಕ್ಷೇತ್ರದಿಂದ ಸ್ಪರ್ಧಿಸಿ ಸೋತರು. ಸಮಾಧಿ ನೋಡಲು ಬರುವವರೆಲ್ಲ ಮತ ಹಾಕುವುದಿಲ್ಲ ಎಂಬುದು ಆಗ ತಿಳಿಯಿತು.

ಇನ್ನು ಸಂಶಯದ ಮಾತು. ಶರಣಾಗುವಂತೆ ಎಚ್ಚರಿಸಿದೆವು, ಒಳಗಿನಿಂದ ಗುಂಡು ಬಂತು, ತಿರುಗಿ ಹೊಡೆದೆವು ಎಂಬುದು ಪೊಲೀಸರ ಹೇಳಿಕೆ. ಆಂಬುಲೆನ್ಸ್ ಓಡಿಸುತ್ತಿದ್ದವನೇ ಪೊಲೀಸ್. ಮಾರುವೇಷದಲ್ಲಿ ತಂಡದ ವಿಶ್ವಾಸ ಗಳಿಸಿದವರೂ ಪೊಲೀಸರೇ. ಹಾಗಿದ್ದರೆ ಜೀವಂತ ಹಿಡಿಯಬಹುದಿತ್ತಲ್ಲ ಎಂದು ಮಾನವ ಹಕ್ಕು ಸಂಘಟನೆಗಳು ಕೇಳಿದವು. ಮೊದಲೇ ಹಿಡಿದು ಹಿಂಸಿಸಿ ಕೊಂದರೆಂಬ ಆರೋಪವೂ ಕೇಳಿಬಂತು. ಟೀ ಅಂಗಡಿಗಳಲ್ಲಿ ಇದೇ ಪ್ರಶ್ನೆ ಇನ್ನೊಂದು ರೂಪ ತಾಳಿತು. ಬದುಕಿದ್ದರೆ ಯಾರ ಯಾರ ಹೆಸರು ಹೇಳುತ್ತಿದ್ದನೋ? ಈ ಅನುಮಾನ ಹುಸಿ ಎನ್ನಲು ಜನರ ಬಳಿ ಕಾರಣವಿರಲಿಲ್ಲ. ಟನ್ನುಗಟ್ಟಲೆ ಶ್ರೀಗಂಧ ಮತ್ತು ದಂತವನ್ನು ಕಾಡಿನಲ್ಲಿದ್ದವನು ತಾನೇ ಪೇಟೆಗೆ ಹೊತ್ತು ಮಾರಿರಲಾರ. ಕೊಂಡವರು, ಸಾಗಿಸಿದವರು, ಚೆಕ್‌ಪೋಸ್ಟಿನಲ್ಲಿ ಕಣ್ಣು ಮುಚ್ಚಿದವರು ಇರಲೇಬೇಕು. 1986ರಲ್ಲಿ ಒಮ್ಮೆ ಸೆರೆ ಸಿಕ್ಕವನು ಬೂದಿಪಡಗದ ಅರಣ್ಯ ಅತಿಥಿಗೃಹದಿಂದ ತಪ್ಪಿಸಿಕೊಂಡದ್ದೂ ಜನರ ನೆನಪಿನಲ್ಲಿತ್ತು. ನಡುರಾತ್ರಿಯ ಆ ಇಪ್ಪತ್ತು ನಿಮಿಷಗಳಲ್ಲಿ ಮುಗಿದದ್ದು ಒಬ್ಬ ಕೊಲೆಗಡುಕನ ಆಯುಸ್ಸು ಮಾತ್ರವಲ್ಲ, ಒಂದು ಸಾಕ್ಷ್ಯವೂ ಮುಗಿಯಿತು. ವಿಜಯಕುಮಾರ್ 2017ರಲ್ಲಿ ಪುಸ್ತಕ ಬರೆದು ಕಾರ್ಯಾಚರಣೆಯ ವಿವರಗಳನ್ನು ಕೊಟ್ಟಿದ್ದಾರೆ. ನಂಬದವರು ಅದನ್ನು ಓದಿಯೂ ನಂಬಿದಂತಿಲ್ಲ.

ಅವನು ಸತ್ತರೂ ಮೊಕದ್ದಮೆಗಳು ಸಾಯಲಿಲ್ಲ. ಪಾಲಾರ್ ಸ್ಫೋಟದ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾಗಿದ್ದ ನಾಲ್ವರು ಮೇಲ್ಮನವಿ ಸಲ್ಲಿಸಿದ್ದರು. 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಗಲ್ಲು ವಿಧಿಸಿತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಅವರು ಕಾದರು. 2013ರ ಫೆಬ್ರುವರಿಯಲ್ಲಿ ರಾಷ್ಟ್ರಪತಿಗಳು ಕ್ಷಮಾದಾನದ ಅರ್ಜಿ ತಿರಸ್ಕರಿಸಿದರು. ತೀರ್ಮಾನಕ್ಕೆ ಅಷ್ಟು ವರ್ಷ ಹಿಡಿದದ್ದೇ ಶಿಕ್ಷೆ ಎಂದು 2014ರ ಜನವರಿ 21ರಂದು ಅದೇ ನ್ಯಾಯಾಲಯ ಗಲ್ಲನ್ನು ಜೀವಾವಧಿಗೆ ಇಳಿಸಿತು. ರಾಜ್‌ಕುಮಾರ್ ಅಪಹರಣದ ಮೊಕದ್ದಮೆ ಇನ್ನೂ ವಿಚಿತ್ರ. 2018ರ ಸೆಪ್ಟೆಂಬರ್‌ನಲ್ಲಿ ಗೋಬಿಚೆಟ್ಟಿಪಾಳ್ಯದ ನ್ಯಾಯಾಲಯ ಉಳಿದಿದ್ದ ಒಂಬತ್ತೂ ಆರೋಪಿಗಳನ್ನು ಸಾಕ್ಷ್ಯವಿಲ್ಲವೆಂದು ಖುಲಾಸೆ ಮಾಡಿತು. ಅಪಹರಣವಾದವರು ತೀರಿಕೊಂಡು ಹನ್ನೆರಡು ವರ್ಷವಾಗಿತ್ತು, ಅಪಹರಿಸಿದವನು ಸತ್ತು ಹದಿನಾಲ್ಕು.

ಸಿನಿಮಾದವರು ಮಾತ್ರ ಅವನನ್ನು ಬಿಟ್ಟುಕೊಡಲಿಲ್ಲ. 2013ರಲ್ಲಿ 'ಅಟ್ಟಹಾಸ', 2016ರಲ್ಲಿ ರಾಜ್‌ಕುಮಾರ್ ಅವರ ಮಗ ಶಿವರಾಜ್‌ಕುಮಾರ್ ಪೊಲೀಸ್ ಅಧಿಕಾರಿಯಾಗಿ ನಟಿಸಿದ 'ಕಿಲ್ಲಿಂಗ್ ವೀರಪ್ಪನ್', 2023ರಲ್ಲಿ ಸಾಕ್ಷ್ಯಚಿತ್ರ ಸರಣಿಗಳು ಬಂದವು. ಅವನ ಕೈಗೆ ಸಿಕ್ಕಿ ಬದುಕಿ ಬಂದವರು, ಅವನನ್ನು ಹುಡುಕಿದವರು, ಅವನ ಪತ್ನಿ ಎಲ್ಲರೂ ತಮ್ಮ ತಮ್ಮ ವೀರಪ್ಪನ್‌ನನ್ನು ಹೇಳಿಕೊಂಡಿದ್ದಾರೆ.

ಗೋಪಿನಾಥಂನಲ್ಲಿ ಈಗ ಅರಣ್ಯ ವಿಹಾರಕ್ಕೆ ಬರುವವರಿಗಾಗಿ ಶಿಬಿರವಿದೆ. ಬಂದವರು ಮೊದಲು ಕೇಳುವುದು ವೀರಪ್ಪನ್ ಮನೆ ಎಲ್ಲಿತ್ತು ಎಂದು. ಊರಿನವರು ತೋರಿಸಬಯಸುವ ಜಾಗ ಇನ್ನೊಂದಿದೆ. ಅದು ಮಾರಿಯಮ್ಮನ ಗುಡಿ. ಕಟ್ಟಿಸಿದವರು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್. ಬಂದೂಕಿಗಿಂತ ಊರಿನ ವಿಶ್ವಾಸ ಮುಖ್ಯವೆಂದು ನಂಬಿ ಆ ಹಳ್ಳಿಗೆ ಔಷಧಿ, ಕುಡಿಯುವ ನೀರು ಎಂದು ಓಡಾಡಿದವರು ಅವರು. 1991ರ ನವೆಂಬರ್ 10ರಂದು ವೀರಪ್ಪನ್ ಶರಣಾಗುತ್ತಾನೆಂಬ ಮಾತು ನಂಬಿ ಕಾಡಿಗೆ ಹೋದವರನ್ನು ಅವನು ಕೊಂದು ತಲೆ ಕತ್ತರಿಸಿದ. ಸರ್ಕಾರ ಅವರಿಗೆ ಮರಣೋತ್ತರ ಕೀರ್ತಿಚಕ್ರ ಕೊಟ್ಟಿತು. ಊರಿನವರು ಅವರ ಭಾವಚಿತ್ರವನ್ನು ಗುಡಿಯಲ್ಲಿ ಇಟ್ಟರು. ವೀರಪ್ಪನ್ ಬದುಕಿದ್ದಾಗಲೂ ಆ ಪಟ ಅಲ್ಲಿತ್ತು.