ಹೆಡ್ ಮೇಷ್ಟ್ರ ಕೆಲಸ ಶುರುವಾಗುವುದು ತರಗತಿಯಲ್ಲಿ

‘ಈ ಸಲ ನಮ್ಮ ಶಾಲೆಗೆ ಒಳ್ಳೇ ಹೆಡ್ ಮೇಷ್ಟ್ರು ಬಂದರೆ ಸಾಕಪ್ಪ.’ ಬೇಸಿಗೆ ರಜೆ ಮುಗಿಯುತ್ತ ಬಂದಾಗ ಊರೂರಲ್ಲೂ ಈ ಮಾತು ಕೇಳುತ್ತೀರಿ. ಮಳೆ ಬಂದರೆ ಸಾಕು ಅಂದ ಹಾಗೇ ಇದನ್ನೂ ಹೇಳುತ್ತೇವೆ. ಬಂದವರು ಒಳ್ಳೆಯವರಾದರೆ ನಮ್ಮ ಪುಣ್ಯ, ಇಲ್ಲದಿದ್ದರೆ ಮುಂದಿನ ವರ್ಗಾವಣೆಯವರೆಗೆ ಕಾಯುವುದು.

ಅಷ್ಟು ಕಾಯಬೇಕಾಗಿಲ್ಲ. ಶಾಲೆ ನಡೆಸುವುದು ಅಡುಗೆಯ ಹಾಗೆ, ಬೇಸಾಯದ ಹಾಗೆ, ಕಲಿತರೆ ಬರುವ ಕೆಲಸ. ಅದು ಏನು, ಹೇಗೆ ನಡೆಯುತ್ತದೆ, ಎಷ್ಟು ದುಡ್ಡು ಬೇಕು, ಎಲ್ಲಿ ಕಲಿಸುತ್ತಾರೆ ಎಂದು ಇಲ್ಲಿ ಹೇಳುತ್ತೇನೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳ ತಂದೆ ತಾಯಂದಿರು ಮತ್ತು ಹೊಸದಾಗಿ ಶಾಲೆಯ ಜವಾಬ್ದಾರಿ ಹೊತ್ತ ಶಿಕ್ಷಕರು ನನ್ನ ಮನಸ್ಸಿನಲ್ಲಿದ್ದಾರೆ.

ಮೊದಲು ಹುದ್ದೆಯ ವಿಷಯ. ಸರ್ಕಾರಿ ಶಾಲೆಯಲ್ಲಿ ಹೆಚ್ಚಿನ ಮುಖ್ಯ ಶಿಕ್ಷಕರು ಸೇವಾ ಹಿರಿತನದ ಮೇಲೆ ಬಡ್ತಿ ಪಡೆದವರು. ಇಪ್ಪತ್ತು ವರ್ಷ ಪಾಠ ಮಾಡಿದವರು ಒಂದು ಬೆಳಗ್ಗೆ ಮುಖ್ಯಸ್ಥರ ಕುರ್ಚಿಯಲ್ಲಿ ಕೂರುತ್ತಾರೆ. ಪಾಠ ಮಾಡುವುದು ಒಂದು ವಿದ್ಯೆ, ಪಾಠ ಮಾಡುವವರನ್ನು ನಡೆಸುವುದು ಇನ್ನೊಂದು ವಿದ್ಯೆ. ಶಿಕ್ಷಣ ಹಕ್ಕು ಕಾಯ್ದೆ (2009) ಪ್ರಕಾರ 1ರಿಂದ 5ನೇ ತರಗತಿಯಲ್ಲಿ 150ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಪ್ರತ್ಯೇಕ ಮುಖ್ಯ ಶಿಕ್ಷಕರು ಇರಬೇಕು. 6ರಿಂದ 8ರಲ್ಲಿ 100 ದಾಟಿದರೆ ಪೂರ್ಣಾವಧಿ ಮುಖ್ಯ ಶಿಕ್ಷಕರು ಬೇಕು. ನಮ್ಮ ಹಳ್ಳಿಗಳ ಎಷ್ಟೋ ಶಾಲೆಗಳಲ್ಲಿ ಅಷ್ಟು ಮಕ್ಕಳಿಲ್ಲ. ಹಾಗಾಗಿ ಅಲ್ಲಿ ಒಬ್ಬ ಶಿಕ್ಷಕರೇ ಪ್ರಭಾರಿ, ಅಂದರೆ ತಾತ್ಕಾಲಿಕ ಹೊಣೆ ಹೊತ್ತವರು. ಅವರು ತಮ್ಮ ತರಗತಿಗೆ ಪಾಠವನ್ನೂ ಮಾಡಬೇಕು, ಶಾಲೆಯನ್ನೂ ನಡೆಸಬೇಕು.

ನಡೆಸುವುದು ಅಂದರೆ ಎಷ್ಟು ಕೆಲಸ? ಬಿಸಿಯೂಟ ಒಂದನ್ನೇ ನೋಡಿ. 1ರಿಂದ 5ನೇ ತರಗತಿಯ ಪ್ರತಿ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ. ಕ್ಷೀರಭಾಗ್ಯದ ಹಾಲು 150 ಮಿಲಿ, ಅದಕ್ಕೆ 18 ಗ್ರಾಂ ಹಾಲಿನ ಪುಡಿ. ಅಂಥ 80 ಮಕ್ಕಳ ಶಾಲೆಯಲ್ಲಿ ದಿನಕ್ಕೆ 8 ಕೆ.ಜಿ. ಧಾನ್ಯ, 1 ಕೆ.ಜಿ. 440 ಗ್ರಾಂ ಪುಡಿ. ದಿನದ ಹಾಜರಿಗೆ ತಕ್ಕಂತೆ ಅಳೆಯಬೇಕು, ಬರೆಯಬೇಕು, ದಾಸ್ತಾನಿಗೆ ತಾಳೆ ಹಾಕಬೇಕು. ಆಮೇಲೆ ಮೊಟ್ಟೆಯ ಲೆಕ್ಕ, ಶೂ–ಸಾಕ್ಸ್ ಲೆಕ್ಕ. ಸ್ಯಾಟ್ಸ್‌ನಲ್ಲಿ, ಅಂದರೆ ಪ್ರತಿ ಮಗುವಿನ ದಾಖಲಾತಿ ಮತ್ತು ಕಲಿಕೆಯ ವಿವರ ಇರುವ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ, ಮಾಹಿತಿ ತುಂಬುವುದು. ‘ಇವತ್ತು ಸಂಜೆಯೊಳಗೆ ಕಳಿಸಿ’ ಎಂಬ ವಾಟ್ಸ್‌ಆ್ಯಪ್ ಸಂದೇಶಗಳು ಬೇರೆ. ಇದರಲ್ಲೇ ದಿನ ಕಳೆದುಹೋಗುತ್ತದೆ, ಅದು ಅವರ ತಪ್ಪೂ ಅಲ್ಲ. ಆದರೆ ನಷ್ಟವಾಗುವುದು ಮಕ್ಕಳಿಗೆ.

ಯಾಕೆಂದರೆ ಮುಖ್ಯ ಶಿಕ್ಷಕರ ಅಸಲು ಕೆಲಸ ತರಗತಿಯಲ್ಲಿದೆ. ನ್ಯೂಜಿಲೆಂಡಿನ ವಿವಿಯನ್ ರಾಬಿನ್ಸನ್ ಮತ್ತು ಸಂಗಡಿಗರು 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಶಾಲೆಯ ಮುಖ್ಯಸ್ಥರು ಮಾಡುವ ಕೆಲಸಗಳಲ್ಲಿ ಮಕ್ಕಳ ಕಲಿಕೆಗೆ ಯಾವುದು ಹೆಚ್ಚು ನೆರವಾಗುತ್ತದೆ ಎಂದು ಹಲವು ಸಂಶೋಧನೆಗಳನ್ನು ಒಟ್ಟುಗೂಡಿಸಿ ನೋಡಿದರು. ಎಲ್ಲಕ್ಕಿಂತ ಮೇಲೆ ಬಂದದ್ದು ಒಂದೇ ಸಂಗತಿ: ಶಿಕ್ಷಕರ ಕಲಿಕೆಗೆ ದಾರಿ ಮಾಡಿಕೊಟ್ಟು, ತಾವೂ ಅವರ ಜೊತೆ ಕೂತು ಕಲಿಯುವುದು. ಜೊತೆ ಕೂತು ಎನ್ನುವುದನ್ನು ಗಮನಿಸಿ. ಶಿಕ್ಷಕರನ್ನು ತರಬೇತಿಗೆ ಕಳಿಸಿ ತಾವು ಫೈಲ್ ಹಿಡಿದು ಕೂತರೆ ಈ ಫಲ ಸಿಗುವುದಿಲ್ಲ.

ಇದನ್ನು ಮಾಡುವುದು ಹೇಗೆ? ಮೊದಲು ಯಾವ ಮಗು ಎಲ್ಲಿದೆ ಎಂದು ಗೊತ್ತಾಗಬೇಕು. ಪ್ರಥಮ್ ಸಂಸ್ಥೆ 2005ರಲ್ಲಿ ಶುರು ಮಾಡಿದ ಅಸರ್ ಸಮೀಕ್ಷೆಯ ಒಂದು ಸರಳ ವಿಧಾನ ಇದೆ. ಮಗುವಿನ ಕೈಗೆ ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ಅಕ್ಷರ, ಪದ, ಒಂದನೇ ತರಗತಿಯ ಸಣ್ಣ ವಾಕ್ಯಗಳು, ಎರಡನೇ ತರಗತಿಯ ಪುಟ್ಟ ಕಥೆ ಇರುತ್ತವೆ. ಮಗು ಎಲ್ಲಿಯವರೆಗೆ ಓದುತ್ತದೆ ಎಂದು ಬರೆದುಕೊಂಡರೆ ಆಯಿತು. ಒಂದು ಮಗುವಿಗೆ ಕೆಲವೇ ನಿಮಿಷ ಸಾಕು. ಜೂನ್‌ನಲ್ಲಿ ಸೇತುಬಂಧ ನಡೆಯುತ್ತದೆ, ಅಂದರೆ ಹಿಂದಿನ ವರ್ಷದ ಕಲಿಕೆಯನ್ನು ಹೊಸ ವರ್ಷಕ್ಕೆ ಜೋಡಿಸುವ ಪಾಠಗಳು. ಆ ದಿನಗಳಲ್ಲೇ ಇದನ್ನು ಮಾಡಿ ಮುಗಿಸಬಹುದು.

ಆಮೇಲೆ ಪಾಠ ವೀಕ್ಷಣೆ. ವಾರಕ್ಕೆ ಎರಡು ಪಿರಿಯಡ್ ಸಾಕು. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುವುದು. ಶಿಕ್ಷಕರನ್ನಷ್ಟೇ ನೋಡದೆ ಮಕ್ಕಳನ್ನು ನೋಡುವುದು. ಯಾರು ಉತ್ತರ ಕೊಟ್ಟರು, ಯಾರು ಇಡೀ ಹೊತ್ತು ಬಾಯಿ ಬಿಡಲಿಲ್ಲ ಎಂದು ಗುರುತು ಮಾಡುವುದು. ಸಂಜೆ ಹತ್ತು ನಿಮಿಷ ಮಾತು. ‘ಭಾಗಾಕಾರದಲ್ಲಿ ಹಿಂದಿನ ಸಾಲಿನ ನಾಲ್ಕು ಮಕ್ಕಳು ಪಕ್ಕದವರದ್ದು ನೋಡಿ ಬರೆದರು. ನಾಳೆ ಅವರಿಗೆ ಕಡ್ಡಿ ಕಟ್ಟು ಕೊಟ್ಟು ಮಾಡಿಸೋಣವೇ ಮೇಡಂ? ನಾನೂ ಬರುತ್ತೇನೆ.’ ಹೀಗೆ ಒಂದು ಸಂಗತಿ, ಒಂದು ಉಪಾಯ, ಒಂದು ದಿನಾಂಕ.

ಶಿಕ್ಷಕರಿಗೆ ಬೇಜಾರಾಗುವುದಿಲ್ಲವೇ ಎಂದು ನೀವು ಕೇಳಬಹುದು. ಮೊದಲ ಸಲ ಆಗುತ್ತದೆ. ತಪ್ಪು ಹುಡುಕಲು ಬಂದರು ಅನಿಸುವುದು ಸಹಜ. ಅದಕ್ಕೆ ಮುಖ್ಯ ಶಿಕ್ಷಕರು ಮೊದಲು ತಮ್ಮ ಪಾಠವನ್ನೇ ಉಳಿದವರಿಗೆ ತೋರಿಸಬೇಕು. ‘ನನ್ನ ಪಾಠದಲ್ಲಿ ಏನು ತಪ್ಪಿತು ಹೇಳಿ’ ಎಂದು ಕೇಳಬಲ್ಲವರಿಗೆ ಇನ್ನೊಬ್ಬರ ತರಗತಿಯ ಬಾಗಿಲು ತಾನಾಗಿ ತೆರೆಯುತ್ತದೆ. ನಾಯಕತ್ವದ ಗುಣಗಳ ಪಟ್ಟಿ ಎಷ್ಟು ಉದ್ದ ಇದ್ದರೂ ನಾನು ಮೊದಲು ನೋಡುವುದು ಇದನ್ನೇ. ನೇರವಾಗಿ ಮಾತಾಡುವುದು, ಎಲ್ಲರನ್ನೂ ಸಮವಾಗಿ ಕಾಣುವುದು, ಹೇಳಿದ ಹೊತ್ತಿಗೆ ಬರುವುದು ಎಲ್ಲವೂ ಬೇಕು. ಅವು ಇದರ ಬೆನ್ನಿಗೆ ಬರುತ್ತವೆ.

ಇಬ್ಬರೇ ಶಿಕ್ಷಕರ ಶಾಲೆಯಲ್ಲಿ ಏನು ಮಾಡುವುದು? ಅಲ್ಲಿ ಕ್ಲಸ್ಟರ್ ನೆರವಿಗೆ ಬರಬೇಕು. ಕ್ಲಸ್ಟರ್ ಅಂದರೆ ಅಕ್ಕಪಕ್ಕದ ಕೆಲವು ಶಾಲೆಗಳ ಗುಂಪು. ಅದಕ್ಕೊಬ್ಬ ಸಿಆರ್‌ಪಿ, ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ ಇರುತ್ತಾರೆ. ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಸುತ್ತೋಲೆ ಓದುವುದರ ಜೊತೆಗೆ ಒಂದು ಪಾಠವನ್ನೂ ಒಟ್ಟಿಗೆ ನೋಡಬಹುದು. ಶಿಕ್ಷಕರು ಒಟ್ಟುಗೂಡಿದರೆ ಏನಾಗುತ್ತದೆ ಎನ್ನಲು ದೂರ ಹೋಗಬೇಕಿಲ್ಲ. ಪಕ್ಕದ ಮೈಸೂರು ಜಿಲ್ಲೆಯ ಎಚ್.ಡಿ.ಕೋಟೆಯ ಶಿಕ್ಷಕರು 1995ರ ಸುಮಾರಿಗೆ ಆಂಧ್ರಪ್ರದೇಶದ ರಿಷಿ ವ್ಯಾಲಿ ಶಾಲೆಗೆ ಹೋಗಿ ಅಲ್ಲಿ ಕಲಿಸುವ ವಿಧಾನ ನೋಡಿ ಬಂದರು. ಯುನಿಸೆಫ್ ನೆರವಿನಿಂದ ತಾವೇ ಕಲಿಕೆಯ ಕಾರ್ಡುಗಳನ್ನು ರೂಪಿಸಿದರು. ಇಂದು ರಾಜ್ಯದ ಸರ್ಕಾರಿ ಶಾಲೆಗಳ 1ರಿಂದ 3ನೇ ತರಗತಿಯಲ್ಲಿರುವ ನಲಿ ಕಲಿ ವಿಧಾನ ಹುಟ್ಟಿದ್ದು ಹಾಗೆ.

ನಾಲ್ಕು ತಾಲ್ಲೂಕೂ ಮಂಡ್ಯ ಜಿಲ್ಲೆಯವೇ ಆದರೂ ಮುಖ್ಯ ಶಿಕ್ಷಕರ ಪರೀಕ್ಷೆ ಒಂದೇ ಥರ ಇಲ್ಲ. ಶ್ರೀರಂಗಪಟ್ಟಣಕ್ಕೆ ಮೈಸೂರು 15 ಕಿ.ಮೀ. ದೂರ. ಬೆಳಗ್ಗೆ ಖಾಸಗಿ ಶಾಲೆಯ ವ್ಯಾನು ಮನೆ ಬಾಗಿಲಿಗೇ ಬರುತ್ತದೆ. ಅಲ್ಲಿಯ ಮುಖ್ಯ ಶಿಕ್ಷಕರು ಮನೆಮನೆಗೆ ಹೋಗಿ, ತಮ್ಮ ಶಾಲೆಯ ಮಗು ಓದುವುದನ್ನು ತಂದೆ ತಾಯಿಯ ಮುಂದೆ ತೋರಿಸಬೇಕಾಗುತ್ತದೆ. ಪಾಂಡವಪುರದ ಕಡೆ ಕಬ್ಬು ಅರೆಯುವ ಕಾಲಕ್ಕೆ ಬೇರೆ ಜಿಲ್ಲೆಗಳಿಂದ ಕಬ್ಬು ಕಡಿಯುವವರು ಗುಡಾರ ಹಾಕುತ್ತಾರೆ. ಗದ್ದೆ ಬದುವಿನಲ್ಲಿ ಆಡುವ ಅವರ ಮಕ್ಕಳನ್ನು ಕರೆತಂದು ಕೂರಿಸುವುದೂ ಶಾಲೆಯ ಹೊಣೆಯೇ.

ಕೆ.ಆರ್.ಪೇಟೆ, ನಾಗಮಂಗಲದ ಕಥೆ ವಲಸೆಯದು. ಬೆಂಗಳೂರಿಗೆ, ಮುಂಬೈಗೆ ದುಡಿಯಲು ಹೋದ ಮನೆಗಳು ಅಲ್ಲಿ ಬಹಳ. 2020ರ ಕೊರೊನಾ ಸಮಯದಲ್ಲಿ ಮುಂಬೈಯಿಂದ ಎಷ್ಟು ಜನ ಊರಿಗೆ ಮರಳಿದರು ಎಂದು ನೀವೇ ಕಂಡಿದ್ದೀರಿ. ಅಂಥ ಮನೆಯ ಮಗು ಟಿಸಿ ಇಲ್ಲದೆ, ಕನ್ನಡ ಅಕ್ಷರ ಬಾರದೆ ಬಂದು ನಿಲ್ಲಬಹುದು. ಟಿಸಿ ತಡವಾಯಿತು ಎಂದು ಪ್ರವೇಶ ನಿರಾಕರಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಇದನ್ನು ಹೇಳುತ್ತದೆ. ಶಾಲೆ ತಪ್ಪಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ಪಾಠ ಕೊಡಬೇಕು ಎನ್ನುವುದು 4ನೇ ಸೆಕ್ಷನ್. ಇದು ತಿಳಿದ ಮುಖ್ಯ ಶಿಕ್ಷಕರು ಕಾಗದ ಕೇಳುವ ಮೊದಲು ಮಗುವಿನ ಹೆಸರು ಕೇಳುತ್ತಾರೆ.

ಈಗ ದುಡ್ಡಿನ ಮಾತು. ಪಾಠ ವೀಕ್ಷಣೆಗೆ ಒಂದು ಪೈಸೆಯೂ ಬೇಡ. ಉಳಿದ ಖರ್ಚಿಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ವರ್ಷಕ್ಕೊಮ್ಮೆ ಸಂಯುಕ್ತ ಶಾಲಾ ಅನುದಾನ ಇದೆ. 30 ಮಕ್ಕಳವರೆಗಿನ ಶಾಲೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000, ಅದಕ್ಕೂ ಮೇಲಿದ್ದರೆ 1 ಲಕ್ಷ. ಇದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ ಹೋಗಬೇಕು. ದೊಡ್ಡ ಮೊತ್ತವೇನಲ್ಲ. ಗೋಡೆಗೆ ಬಣ್ಣ ಹೊಡೆಸುವುದೋ, ಹೆಣ್ಣುಮಕ್ಕಳ ಶೌಚಾಲಯಕ್ಕೆ ನಲ್ಲಿ ಹಾಕಿಸುವುದೋ ಎಂಬ ಪ್ರಶ್ನೆ ಬಂದಾಗ ಮುಖ್ಯ ಶಿಕ್ಷಕರ ತೂಕ ತಿಳಿಯುತ್ತದೆ. ನನ್ನನ್ನು ಕೇಳಿದರೆ ಮೊದಲು ನಲ್ಲಿ.

ಈ ತೀರ್ಮಾನ ಮುಖ್ಯ ಶಿಕ್ಷಕರೊಬ್ಬರದೇ ಅಲ್ಲ. ವಿಜ್ಞಾನಿ ರಾಜಾ ರಾಮಣ್ಣ ಅವರ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಬೆನ್ನಿಗೆ ಕರ್ನಾಟಕದಲ್ಲಿ 2001ರಲ್ಲೇ ಎಸ್‌ಡಿಎಂಸಿಗಳು ಬಂದವು. ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ನಮ್ಮಲ್ಲಿ ಅಧ್ಯಕ್ಷರು ಪೋಷಕರು, ಕಾರ್ಯದರ್ಶಿ ಮುಖ್ಯ ಶಿಕ್ಷಕರು. ಆದರೆ ತಾಯಂದಿರು ಸಭೆಗೆ ಬಂದು ರುಜು ಹಾಕಿ ಹೋದರೆ ಪ್ರಯೋಜನವಿಲ್ಲ. ಕೂಲಿ ಕೆಲಸದ ಹೊತ್ತು ಬಿಟ್ಟು ಸಭೆ ಕರೆಯುವುದು, ಖರ್ಚಿನ ಲೆಕ್ಕವನ್ನು ಎಲ್ಲರಿಗೂ ಕೇಳುವಂತೆ ಓದಿ ಹೇಳುವುದು, ಇವು ಸಣ್ಣ ಕೆಲಸಗಳಂತೆ ಕಾಣುತ್ತವೆ. ಊರಿನ ನಂಬಿಕೆ ಹುಟ್ಟುವುದು ಇಲ್ಲೇ.

ಇದನ್ನೆಲ್ಲ ಕಲಿಯುವುದು ಎಲ್ಲಿ? ಮಂಡ್ಯದಲ್ಲಿ ಡಯಟ್ ಇದೆ, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ. ಧಾರವಾಡದಲ್ಲಿ ಶಾಲಾ ನಾಯಕತ್ವದ ತರಬೇತಿಗೆಂದೇ ರಾಜ್ಯಮಟ್ಟದ ಸಂಸ್ಥೆ ಇದೆ. ಈಗ ಸಿಸ್ಲೆಪ್ ಎನ್ನುತ್ತಾರೆ, ಹಳಬರ ಬಾಯಲ್ಲಿ ಅದು ಸೀಮ್ಯಾಟ್. ದೆಹಲಿಯ ನೀಪಾ ಸಂಸ್ಥೆಯ ರಾಷ್ಟ್ರೀಯ ಶಾಲಾ ನಾಯಕತ್ವ ಕೇಂದ್ರ ಉಚಿತ ಆನ್‌ಲೈನ್ ಕೋರ್ಸ್ ನಡೆಸುತ್ತದೆ. ತನ್ನನ್ನು ತಾನು ಬೆಳೆಸಿಕೊಳ್ಳುವುದು, ತಂಡ ಕಟ್ಟುವುದು, ಪಾಠದ ಗುಣ ಹೆಚ್ಚಿಸುವುದು, ಊರಿನ ಜೊತೆ ಸೇರಿ ಕೆಲಸ ಮಾಡುವುದು ಮುಂತಾದ ಏಳು ವಿಷಯಗಳು ಅದರಲ್ಲಿವೆ. ಮೊಬೈಲ್‌ನಲ್ಲಿ ದೀಕ್ಷಾ ಆ್ಯಪ್ ಹಾಕಿಕೊಂಡರೆ ಕನ್ನಡದಲ್ಲೂ ಪಾಠಗಳು ಸಿಗುತ್ತವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮುಖ್ಯ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆ ಕಲಿಕೆ ಬೇಕು ಎಂದಿದೆ. ಯಾವ ತರಬೇತಿ ಯಾವಾಗ ಎಂದು ತಿಳಿಯಲು ನಿಮ್ಮ ತಾಲ್ಲೂಕಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಅಥವಾ ಬಿಆರ್‌ಸಿ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಚಾರಿಸಿ.

ಪೋಷಕರು ಡಿಸೆಂಬರ್ ಒಳಗೆ ಎಸ್‌ಡಿಎಂಸಿ ಸಭೆಯಲ್ಲಿ ಒಂದು ಕಾಗದ ಕೇಳಿ: ಶಾಲಾ ಅಭಿವೃದ್ಧಿ ಯೋಜನೆ. ಅದನ್ನು ತಯಾರಿಸುವುದು ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಸಮಿತಿಯದೇ, ಅಂದರೆ ನಿಮ್ಮದೇ ಕೆಲಸ. ಕೊಠಡಿ, ಕಾಂಪೌಂಡ್, ನೀರಿನ ಟ್ಯಾಂಕ್ ಅದರಲ್ಲಿ ಇದ್ದೇ ಇರುತ್ತವೆ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಲು ಹೇಳಿ: ನಾಲ್ಕನೇ ತರಗತಿಯಲ್ಲಿ ಇಂದು ಸರಾಗವಾಗಿ ಓದಲು ಬಾರದ ಮಕ್ಕಳು ಇಷ್ಟು, ಮಾರ್ಚ್ ಹೊತ್ತಿಗೆ ಇಷ್ಟು.