ಗೇಮ್ ತಡವರಿಸುತ್ತಿದೆಯಾ? ಪ್ರೊಸೆಸರ್ ಕೊಳ್ಳುವ ಮುಂಚೆ ಇಷ್ಟು ನೋಡಿ

ಮಂಗಳೂರಿನ ಸೆಖೆಗೆ ಪ್ರೊಸೆಸರ್ ಕೂಡ ಕಾದು ಸುಸ್ತಾಗುವುದುಂಟು ಮಾರಾಯ್ರೆ. ಮೊದಲು ಫ್ಯಾನಿನ ಧೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿ. ಆಮೇಲೂ ಗೇಮ್ ತಡವರಿಸಿದರೆ ವಿ-ಸಿಂಕ್ ಆಫ್ ಮಾಡಿ, ರೆಸಲ್ಯೂಷನ್ 1080ಪಿಯಿಂದ 720ಪಿಗೆ ಇಳಿಸಿ. ಫ್ರೇಮ್ ರೇಟ್ ಜಿಗಿದರೆ ತೊಡಕು ಗ್ರಾಫಿಕ್ಸ್ ಕಾರ್ಡಿನದ್ದು. ಹೊಸ ಪ್ರೊಸೆಸರ್ ತಂದರೆ ದುಡ್ಡು ದಂಡ. ಇದ್ದಲ್ಲೇ ನಿಂತರೆ ಪ್ರೊಸೆಸರ್ ಮೇಲೆಯೇ ಅನುಮಾನ.

2017ರ ರೈಜನ್ 5 1600 ಇದ್ದವರು ಅದೃಷ್ಟವಂತರು. ಎಷ್ಟೋ ಹಳೆಯ ಎಎಂ4 ಬೋರ್ಡುಗಳಿಗೆ 2022ರ ರೈಜನ್ 5 5600 ಕೂರುತ್ತದೆ. ಬೋರ್ಡು, ರ‍್ಯಾಮ್ ಎರಡರ ಖರ್ಚೂ ಉಳಿಯಿತು. ಬೋರ್ಡ್ ಕಂಪನಿಯ ವೆಬ್‌ಸೈಟಿನಲ್ಲಿ ಪಟ್ಟಿ ನೋಡಿ, ಹಳೆ ಚಿಪ್ ಇರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿ. ನಡುವೆ ಕರೆಂಟ್ ಹೋದರೆ ಬೋರ್ಡೇ ಕೆಡಬಹುದು. ಗುಡುಗು ಸಿಡಿಲಿನ ಸಂಜೆ ಯುಪಿಎಸ್ ಇಲ್ಲದೆ ಕೈಹಾಕಬೇಡಿ.